ಮಿಸ್ತ್ರಿ ಕೇಳಿದ ಐದು ಮಿನಿಟು

ಕಳೆದ ತಿಂಗಳು ಮಗಳ ಜೊತೆ ಸೀವುಡ್ಸ್ ಸ್ಟೇಷನ್ನಿನ ಮಾಲಿಗೆ ಹೋಗಿದ್ದೆ. ಪಾರ್ಕಿಂಗಿನಲ್ಲಿ ಗಾಡಿಯಿಂದ ಇಳಿದು ಕಾಲಿಡುವಾಗ ನೆಲದ ಮೇಲೆ ನಾಣ್ಯದಷ್ಟಗಲದ ಕೆಂಪು ಬೊಟ್ಟು ಕಂಡಿತು. ಬಗ್ಗಿ ಬೆರಳಿಂದ ಮುಟ್ಟಿ ಮೂಸಿದೆ. ಹೊಸ ಎಣ್ಣೆ. ಸೀದ ವಾಸನೆ ಇಲ್ಲ, ನೀರು ಸೇರಿಲ್ಲ. ಯಾರದ್ದೋ ಆಟೋಮ್ಯಾಟಿಕ್ ಗಾಡಿಯ ಗೇರ್ ಡಬ್ಬಿಯಿಂದ ಈಗಷ್ಟೇ ಸೋರಲು ಸುರುವಾದದ್ದು...

"ಛೀ ಮಮ್ಮಿ! ಕ್ಯಾ ಕರ್ ರಹೀ ಹೋ?" ಅಂದಳು ಮಗಳು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಲ್ಲಿ ಬರುವುದು ಮಾತ್ರ ಹಿಂದಿ. ಪರ್ಸಿನಿಂದ ಟಿಶ್ಯೂ ತೆಗೆದು ಕೊಟ್ಟಳು. ಒರೆಸಿಕೊಂಡೆ. ಮಾಲಿನೊಳಗೆ ಎರಡು ಗಂಟೆ ತಿರುಗಿ, ಅವಳು ಏನೇನೋ ಕೊಂಡು, ನಾನು ಒಂದು ಸ್ಟೀಲಿನ ಜರಡಿ ಕೊಂಡು ಹೊರಗೆ ಬಂದ ಮೇಲೂ ಬೆರಳಲ್ಲಿ ಆ ವಾಸನೆ ಇತ್ತು. ಆ ವಾಸನೆ ನೋಡುವುದನ್ನು ನನಗೆ ಕಲಿಸಿದ್ದು ಗಾಡಿ ರಿಪೇರಿಯ ಮಿಸ್ತ್ರಿಯವರು.

ಆಗ ನಮ್ಮದು ಡೊಂಬಿವಲಿ ಪೂರ್ವದಲ್ಲಿ ವೆಜ್ ಹೋಟೆಲು. ಇವರು ಮತ್ತು ಇವರ ಅಣ್ಣ, ಅಂದರೆ ನಮ್ಮ ಭಾವ, ಇಬ್ಬರೂ ಸೇರಿ ನಡೆಸುತ್ತಿದ್ದರು. ಮೇಲಿನ ಮಾಳಿಗೆಯಲ್ಲೇ ನಮ್ಮ ಮನೆ. ಗಲ್ಲೆಯಲ್ಲಿ ಕೂರುವುದು ಭಾವ, ಮಾರ್ಕೆಟ್ಟಿಗೆ ಹೋಗುವುದು ಇವರು. ಇವರ ಎಡಗಾಲಿನ ಮೊಣಕಾಲು ಆಪರೇಷನ್ ಆದ ಮೇಲೆ ಕ್ಲಚ್ ಒತ್ತುವುದು ಆಗಲಿಲ್ಲ. ಮುಂಬಯಿಯನ್ನೆಲ್ಲ ಮುಳುಗಿಸಿದ ಆ ದೊಡ್ಡ ಮಳೆಯ ಮರುವರ್ಷ ಇರಬೇಕು, ಯಾರೋ ಊರು ಬಿಟ್ಟು ಹೋಗುವ ಗಿರಾಕಿಯಿಂದ ಭಾವ ಒಂದು ಹಳೆಯ ಜಪಾನಿ ಗಾಡಿ ಕೊಂಡರು. ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು, ಆಟೋಮ್ಯಾಟಿಕ್. ಡೊಂಬಿವಲಿಯ ಗಲ್ಲಿಯಲ್ಲಿ ಅದು ಬಂತೆಂದರೆ ರಿಕ್ಷಾದವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಹಿಂದಿನ ಸೀಟು ತೆಗೆಸಿ ತರಕಾರಿ ತುಂಬುವ ಜಾಗ ಮಾಡಿದೆವು. ನಾನೂ ಅದರಲ್ಲೇ ಓಡಿಸಲು ಕಲಿತೆ.

ಆ ಗಾಡಿಗೆ ಕೈ ಹಾಕುವ ಧೈರ್ಯ ಇದ್ದದ್ದು ಒಬ್ಬರಿಗೇ. ಕಲ್ಯಾಣ್-ಶಿಳ್ ರಸ್ತೆಯ ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ಮಿಸ್ತ್ರಿಯವರ ಗ್ಯಾರೇಜು. ವಿಜಾಪುರ ಕಡೆಯವರು. ಐವತ್ತರ ಆಸುಪಾಸು, ಸಪೂರ ಆಳು. ಹೆಸರು ನಾನು ಕೇಳಿದವಳಲ್ಲ, ಎಲ್ಲರಿಗೂ ಅವರು ಮಿಸ್ತ್ರಿ. ಅವರು ಮೊದಲ ದಿನದಿಂದ ನನಗೆ "ಅಕ್ಕಾರ". ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಆದರೂ ಅಕ್ಕಾರ.

ಅವರದ್ದು ಒಂದು ಕ್ರಮ. ಗಾಡಿ ತಂದರೆ ಬಾನೆಟ್ ಎತ್ತುವುದಿಲ್ಲ. ಮರದ ಸ್ಟೂಲು ಎಳೆದು, ಓಡಿಸಿದವರನ್ನು ಕೂರಿಸಿ, ಕೇಳುತ್ತಾರೆ.

"ಗಾಡಿ ಒಮ್ಮೆಲೇ ಎಳೀಲಿಕ್ಕೆ ಒಲ್ಲೆ ಅಂದ್ರ, ಮಂದಿ ಮೊದಲ ಪಾನಾ, ಪಕ್ಕಡ ಹುಡುಕ್ತಾರ್ರಿ ಅಕ್ಕಾರ. ನಾ ಮೊದಲ ಕೇಳ್ತೀನಿ."

"ಯಾರನ್ನು?"

"ಓಡಿಸಿದವರನ್ನ. ಏರಿನ್ಯಾಗ ನಿಂತಿತ್ತೋ, ಸಪಾಟದಾಗೋ? ಸಪ್ಪಳ ಬಂತೋ, ಇಲ್ಲೋ? ಹಿಂದಕ್ಕರ ಹೋಗ್ತೈತೋ? ಅರ್ಧ ರೋಗ ಅಲ್ಲೇ ಸಿಗ್ತೈತಿ."

ಆಮೇಲೆ ಎಣ್ಣೆ. ಇಂಜಿನು ಚಾಲೂ ಇಟ್ಟು, ಕಡ್ಡಿ ಎಳೆದು, ಹಳೆಯ ಬಿಳಿ ಬನಿಯನ್ನಿನ ತುಂಡಿಗೆ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕೆಂಪಗಿದ್ದರೆ ಒಳ್ಳೆಯದು. ಕಂದಾಗಿ ಸೀದ ಒಗ್ಗರಣೆಯ ಹಾಗೆ ನಾತ ಬಂದರೆ ಒಳಗೆ ಸುಟ್ಟಿದೆ. ಹಾಲು ಬೆರೆಸಿದ ಗುಲಾಬಿ ಶರಬತ್ತಿನ ಬಣ್ಣ ಬಂದರೆ ರೇಡಿಯೇಟರಿನ ನೀರು ಸೇರಿದೆ. ಅಡಿಗೆಯವಳಿಗೆ ಇದೆಲ್ಲ ಬೇಗ ತಲೆಗೆ ಹತ್ತಿತು. ಎಣ್ಣೆ ಸರಿ ಇದ್ದರೆ ಆಮೇಲೆ ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ಬ್ರೇಕು ಒತ್ತಿಸಿ, ಒಂದೊಂದೇ ಗೇರು ಹಾಕಿಸಿ ಕಿವಿಗೊಟ್ಟು ಕೇಳುವುದು. ಬಿಚ್ಚುವುದು ಕೊಟ್ಟಕೊನೆಗೆ. "ಬಿಚ್ಚೋದು ಸೋತವನ ಕೆಲಸ್ರಿ" ಅನ್ನುತ್ತಿದ್ದರು.

ಎಣ್ಣೆ ಹೊಯ್ಯಲು ಅವರ ಹತ್ತಿರ ಉದ್ದ ಮೂತಿಯ ಪಾತ್ರೆ ಇರಲಿಲ್ಲ. ಆ ಗಾಡಿಯ ಎಣ್ಣೆ ಬಾಯಿ ಎಲ್ಲೋ ಪೈಪುಗಳ ಸಂದಿನಲ್ಲಿ. ನಮ್ಮ ಹೋಟೆಲಿನಲ್ಲಿ ಹಿಡಿಕೆ ಸಡಿಲಾಗಿ ಬದಿಗಿಟ್ಟ ಅಲ್ಯೂಮಿನಿಯಂ ಚಹಾ ಕಿಟ್ಲಿ ಇತ್ತು, ನಾನೇ ಒಯ್ದು ಕೊಟ್ಟೆ. ಮೂತಿ ಸಪೂರ, ಚೆಲ್ಲುವುದಿಲ್ಲ. ಅವರು ಅದನ್ನು ಪೆಟ್ರೋಲಿನಿಂದ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಮಗ್ಗುಲಲ್ಲೇ ಹೊಸ ಡಬ್ಬದ ಸೀಲು ನನ್ನೆದುರಿಗೆ ಒಡೆದು, ಕಿಟ್ಲಿಗೆ ಬಗ್ಗಿಸಿ ಹೊಯ್ದರು. ದಸರೆಗೆ ಇನ್ನೂ ಹತ್ತು ದಿನ ಇತ್ತು.

ಆವತ್ತೇ ಅವರು ಇನ್ನೊಂದು ಮಾತು ಹೇಳಿದರು. ಗೇರಿನ ಪಕ್ಕದಲ್ಲಿ ಒಂದು ಸಣ್ಣ ಲಿವರು ಇತ್ತು. ಎರಡು ಚಕ್ರಕ್ಕೋ ನಾಲ್ಕಕ್ಕೋ ಎಳೆತ ಕೊಡುವಂಥದ್ದು, ನಾವು ಅದನ್ನು ಮುಟ್ಟಿದ್ದೇ ಇಲ್ಲ. ಉಪಯೋಗಕ್ಕಿಲ್ಲದ ಕಬ್ಬಿಣ ಅಂತ ನಾನು ಅದಕ್ಕೆ ಹಳೆಯ ಸೀರೆಯ ತುಂಡಿನಿಂದ ಒಂದು ಟೊಪ್ಪಿ ಹೊಲಿದಿದ್ದೆ. ಬದಿಗೆ ಕಿಸೆ, ಅದರಲ್ಲಿ ಮಾರ್ಕೆಟ್ಟಿನ ಚೀಟಿಗಳು. ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಕೆಗೆ ಹೊಲಿದವಳು ಇದಕ್ಕೂ ಹೊಲಿದೆ. ಮಿಸ್ತ್ರಿಯವರು ಟೊಪ್ಪಿ ತೆಗೆದು ನನ್ನ ಕೈಗೆ ಕೊಟ್ಟರು.

"ಇದರ ನಡುವ ಒಂದು ಜಾಗಾ ಐತ್ರಿ, ಅಲ್ಲಿ ಕೂತರ ಇಂಜಿನ್ ಬ್ಯಾರೆ, ಗಾಲಿ ಬ್ಯಾರೆ. ಒಳಗಿನ ಲಾಕ್ ಸವದೈತಿ. ಭಾರ ಬಿದ್ರ ಜಾರತೈತಿ. ಕಳಂಬೋಲಿ ಗುಜರಿಯಾಗ ಹಳೇದು ಸಿಕ್ಕರ ಹಾಕ್ತೀನಿ. ಅಲ್ಲೀತನಕ ಮ್ಯಾಲಿನ ಅಕ್ಷರ ಕಣ್ಣಿಗೆ ಕಾಣಂಗ ಇಡ್ರಿ."

ಹೂಂ ಅಂದೆ. ಮನೆಗೆ ಬಂದು ನೋಡಿದರೆ ಬೋಳು ಲಿವರು ಅಸಹ್ಯ ಕಂಡಿತು. ಟೊಪ್ಪಿ ಒಗೆದು ಮತ್ತೆ ಹಾಕಿದೆ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನಾವಿಬ್ಬರೂ ವಾಶಿ ಮಾರ್ಕೆಟ್ಟಿಗೆ ಹೋದೆವು. ಗೊಂಡೆ ಹೂವು, ಬಾಳೆ ಎಲೆಯ ಕಟ್ಟು, ಬೂದುಗುಂಬಳ. ನಮ್ಮ ಹೋಟೆಲಿಗೆ ಮಾತ್ರವಲ್ಲ, ನೆಂಟರ ನಾಲ್ಕು ಹೋಟೆಲಿಗೂ ಕುಂಬಳಕಾಯಿ ನಾವೇ ತರುವುದು ವಾಡಿಕೆ. ಹಿಂದೆ ತುಂಬಿ ಜಾಗ ಉಳಿಯಲಿಲ್ಲ. ಒಂದು ಗೋಣಿ ಕುಂಬಳಕಾಯಿ ಉಳಿಯಿತು. "ಇದು ಇಲ್ಲೇ ಇರಲಿ" ಅಂತ ಇವರು ನಮ್ಮಿಬ್ಬರ ಸೀಟಿನ ನಡುವೆ ತುರುಕಿದರು. ನಾನು ಮಂಡಿ ಒತ್ತಿ ಹಿಡಿದುಕೊಂಡೆ.

ಮಹಾಪೆ ದಾಟಿ ಶಿಳ್ ಫಾಟಾ ಕಡೆಗಿನ ಏರಿನಲ್ಲಿ ಇಂಜಿನು ಇದ್ದಕ್ಕಿದ್ದಂತೆ ಕೂಗಿತು. ಗಾಡಿ ನಿಂತಿತು. ಮುಂದಕ್ಕೆ ಡಿ ಹಾಕಿದರೂ ಇಲ್ಲ, ಹಿಂದಕ್ಕೆ ಆರ್ ಹಾಕಿದರೂ ಇಲ್ಲ. ಇವರು ಗಾಡಿ ನಿಲ್ಲಿಸಿಡುವ ಪಿ ಹಾಕಿ ಬ್ರೇಕಿನಿಂದ ಕಾಲು ತೆಗೆದರು, ಗಾಡಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹ್ಯಾಂಡ್‌ಬ್ರೇಕು ಮೊದಲಿಂದಲೂ ಹೆಸರಿಗೆ ಮಾತ್ರ. ನಾನು ಹಾರಿ ಇಳಿದು ಕೈಗೆ ಸಿಕ್ಕ ಕುಂಬಳಕಾಯಿಯನ್ನು ಚಕ್ರದ ಹಿಂದೆ ಕೊಟ್ಟೆ. ಪಚಕ್ಕೆಂದು ಒಡೆಯಿತು. "ಒಂದು ದಿನ ಮೊದಲೇ ಪೂಜೆ ಮುಗಿಸಿದಿ ಮಾರಾಯ್ತಿ" ಅಂದರು ಇವರು. ಆ ಗಾಬರಿಯಲ್ಲೂ ಇಬ್ಬರಿಗೂ ನಗು ಬಂತು. ಆಮೇಲೆ ಕಲ್ಲು ಸಿಕ್ಕಿತು. ಭಾವ ಟೆಂಪೋ ಕಳಿಸಿ ಹಗ್ಗ ಕಟ್ಟಿ ಎಳೆಸಿದರು.

ಮಧ್ಯಾಹ್ನ ಊಟಕ್ಕೆ ಭಾವನ ಜೊತೆ ಬೇರೆ ಹೋಟೆಲಿನ ಮೂರು ಮಂದಿ ಇದ್ದರು, ಕುಂಬಳಕಾಯಿ ಒಯ್ಯಲು ಬಂದವರು. ನಾನು ಬಡಿಸುತ್ತಿದ್ದೆ.

"ಎಂಟು ದಿನದ ಹಿಂದೆ ಎಣ್ಣೆ ಹಾಕಿದ್ದು, ಇವತ್ತು ಡಬ್ಬಿ ಢಮಾರ್. ಇದಕ್ಕೆ ಜ್ಯೋತಿಷ್ಯ ನೋಡ್ಬೇಕಾ?" ಅಂದರು ಭಾವ. ನನ್ನ ಕಡೆ ತಿರುಗಿ, "ನೀನು ಎದುರಿಗೇ ಇದ್ದಿಯಲ್ಲ, ಎಂತ ಹಾಕಿದ ಅವ?"

ನಾನು ಅಂದೆ, "ಚಹಾದ ಕಿಟ್ಲಿಯಿಂದ ಹೊಯ್ದರು."

"ಕಿಟ್ಲಿಯಿಂದಲಾ!"

"ಶುಗರ್‌ಲೆಸ್ಸಾ ಅಂತ ಕೇಳ್ಬೇಕಿತ್ತು ಅತ್ತಿಗೆ" ಅಂದರು ಒಬ್ಬರು. "ಕಟಿಂಗ್ ಚಹಾವಾ ಫುಲ್ಲಾ?" ಅಂದರು ಇನ್ನೊಬ್ಬರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸೀಲು ಒಡೆದ ಮಾತು, ಕಿಟ್ಲಿ ತೊಳೆದ ಮಾತು, ಅದನ್ನು ಕೊಟ್ಟದ್ದು ನಾನೇ ಅನ್ನುವ ಮಾತು ನನ್ನ ಬಾಯಲ್ಲೇ ಇತ್ತು. ಸಾರಿನ ಸೌಟು ಕೈಯಲ್ಲಿ ಹಿಡಿದು ನಿಂತಿದ್ದೆ. ನಗು ನಿಂತ ಮೇಲೆ ಹೇಳುವ ಅಂದುಕೊಂಡೆ. ಅಷ್ಟರಲ್ಲಿ ನಾನೂ ನಕ್ಕಿದ್ದೆ...

ನಾಲ್ಕು ಗಂಟೆಗೆ ಮಿಸ್ತ್ರಿಯವರು ಸೈಕಲ್ಲಿನಲ್ಲಿ ಬಂದರು. ಗಾಡಿ ಎಳೆದುಕೊಂಡು ಹೋದದ್ದನ್ನು ರಸ್ತೆಯಲ್ಲಿ ನೋಡಿದ್ದರಂತೆ. ಹೋಟೆಲಿನ ಹಿಂದಿನ ಅಂಗಳದಲ್ಲಿ ಗಾಡಿ ನಿಂತಿತ್ತು, ಕೆಲಸದವರು ಸಾಮಾನು ಇಳಿಸಿಯಾಗಿತ್ತು. ಅವರು ಗಾಡಿ ಮುಟ್ಟಲಿಲ್ಲ. ನನ್ನನ್ನೇ ಕೇಳಿದರು.

"ಅಕ್ಕಾರ, ಪಿ ಹಾಕಿದಾಗ ನಿಂತಿತ್ತೋ, ಸರೀತೋ?"

"ಸರಿಯಿತು. ಕಲ್ಲು ಕೊಟ್ಟೆವು."

ಅವರ ಮುಖ ಒಮ್ಮೆಲೇ ಹಗುರವಾದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಭಾವ ಕೆಳಗಿಳಿದು ಬಂದಿದ್ದರು, ಅವರ ಹಿಂದೆ ಊಟ ಮುಗಿಸಿದ ಮೂವರೂ. ಮಿಸ್ತ್ರಿಯವರು ಭಾವನಿಗೆ ಹೇಳಿದರು:

"ಹಂಗಾದ್ರ ಡಬ್ಬಿ ಸತ್ತಿಲ್ರಿ ಸೇಟ್ರ. ಎಣ್ಣಿ ಕೆಡ್ಲಿ, ಒಳಗ ಎಲ್ಲಾ ಸುಡ್ಲಿ, ಪಿ ಹಾಕಿದ್ರ ಹಲ್ಲಿಗೆ ಹಲ್ಲು ಕೊಟ್ಟು ಗಾಲಿ ಹಿಡೀತೈತಿ. ಅದಕ್ಕ ಎಣ್ಣಿ ಬೇಕಾಗಿಲ್ಲ. ಪಿ ಒಳಗೂ ಸರೀತಂದ್ರ ತಪ್ಪು ಡಬ್ಬಿ ದಾಟಿ ಆಚಿಗೈತಿ. ಸಣ್ಣ ಲಿವರ್ ನೋಡ್ತೀನಿ, ಕೆಳಗ ಶಾಫ್ಟ್ ನೋಡ್ತೀನಿ. ಐದ ಮಿನಿಟ್ ಕೊಡ್ರಿ."

"ಐದು ಮಿನಿಟು ಯಾಕೆ? ಇನ್ನೊಂದು ಕಿಟ್ಲಿ ತಂದಿದ್ದಿಯಾ?" ಅಂದರು ಭಾವ.

ಹಿಂದಿನವರು ನಕ್ಕರು. ಮಿಸ್ತ್ರಿಯವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನನ್ನನ್ನು ನೋಡಿದರು. ಕಿಟ್ಲಿಯ ವಿಷಯ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

"ಅಕ್ಕಾರ, ನೀವ ಹೇಳ್ರಿ. ಸೀಲು ನಿಮ್ಮ ಮುಂದ ಒಡದಿದ್ನೋ ಇಲ್ಲೋ? ನನ್ನ ಕೈಯಾಗ ಇರೋದು ಇದೊಂದ ಹೆಸರ್ರಿ. ಮಿಸ್ತ್ರಿ ಕಲಬೆರಕಿ ಎಣ್ಣಿ ಹಾಕ್ತಾನ ಅಂತ ಒಮ್ಮೆ ಬಿತ್ತಂದ್ರ ನಾಳೆ ನನ್ನ ಬಾಗಲಿಗೆ ಯಾರು ಬರ್ತಾರ?"

ಗಾಡಿಯ ಕೀಲಿ ನನ್ನ ಸೊಂಟದ ಗೊಂಚಲಿನಲ್ಲಿತ್ತು. ಭಾವನ ಎದುರು ನಾನು ಅದುವರೆಗೆ ತಲೆ ಎತ್ತಿ ಮಾತಾಡಿದವಳಲ್ಲ. ಇವರು ಬಾಗಿಲ ಪಕ್ಕ ನಿಂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. ನಾನು, "ಒಲೆಯಲ್ಲಿ ಹಾಲಿಟ್ಟಿದ್ದೇನೆ" ಅಂದು ಒಳಗೆ ಹೋದೆ.

ಹಾಲು ಇಟ್ಟಿರಲಿಲ್ಲ.

ಹಬ್ಬ ಕಳೆದು ಗಾಡಿ ಠಾಣೆಯ ದೊಡ್ಡ ವರ್ಕ್‌ಶಾಪಿಗೆ ಹೋಯಿತು. ಡಬ್ಬಿ ಬಿಚ್ಚಿ, ಬೇರೆ ಕೂಡಿಸಿ, ತಿಂಗಳ ಮೇಲೆ ಕಳಿಸಿದರು. ನನ್ನ ಟೊಪ್ಪಿ ಕಾಣಲಿಲ್ಲ, ಅಲ್ಲಿಯವರು ಕಳೆದರೆಂದು ಇನ್ನೊಂದು ಹೊಲಿದೆ. "ಅದೆಂತಕ್ಕೆ ಮತ್ತೆ? ಹಾಕ್ಬೇಡ ಅದನ್ನು" ಅಂತ ಇವರು ಎಂದೂ ಇಲ್ಲದ ಸಿಟ್ಟಿನಲ್ಲಿ ಅಂದರು. ಒಂದು ಟೊಪ್ಪಿಗೆ ಇಷ್ಟು ಸಿಟ್ಟು ಯಾಕೆಂದು ನನಗೆ ಹೊಳೆಯಲಿಲ್ಲ. ನಾಲ್ಕು ದಿನ ಬಿಟ್ಟು ಹಾಕಿದೆ.

ಹೋಟೆಲಿನವರ ಬಳಗ ದೊಡ್ಡದು. ಠಾಣೆಯಿಂದ ಕಲ್ಯಾಣದವರೆಗೆ ಯಾರ ಮನೆಯ ಮುಂಜಿ, ಮದುವೆ ಇದ್ದರೂ ಊಟದ ಪಂಕ್ತಿಯಲ್ಲಿ ಭಾವ ಈ ಕತೆ ಹೇಳುತ್ತಿದ್ದರು. ಮಿಸ್ತ್ರಿಯವರು "ಕಿಟ್ಲಿ ಮಿಸ್ತ್ರಿ" ಆದರು. ನಮ್ಮವರ ಗಾಡಿ, ಟೆಂಪೋಗಳೇ ಅವರಿಗೆ ಹೆಚ್ಚಿನ ಕೆಲಸ ಕೊಡುತ್ತಿದ್ದದ್ದು. ಒಂದೊಂದೇ ನಿಂತವು. ಆ ರಸ್ತೆಯಲ್ಲಿ ಹೋಗುವಾಗ ನಾನು ಬಲಕ್ಕೆ ನೋಡುತ್ತಿರಲಿಲ್ಲ. ಒಂದು ದಿನ ನೋಡಿದೆ. ತಗಡು ಇಳಿಸಿದ್ದರು.

ಆರೇಳು ವರ್ಷ ಕಳೆಯಿತು. ಮಗಳು ನೆರೂಳಿನ ಕಾಲೇಜಿಗೆ ಸೇರಿದ್ದಳು. ಅವಳ ಹಾಸ್ಟೆಲಿಗೆ ಟ್ರಂಕು ಕೊಡಲು ಒಬ್ಬಳೇ ಹೋಗಿದ್ದೆ. ಟ್ರಂಕು ಸೀಟಿನ ನಡುವೆ ಓರೆಯಾಗಿ ಕೂತಿತ್ತು. ಸ್ಟೇಷನ್ನಿನ ಹತ್ತಿರದ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು, ಇಂಜಿನು ಕೂಗಿತು, ಗಾಡಿ ಅಲುಗಲಿಲ್ಲ. ಹಿಂದಿನಿಂದ ಹಾರ್ನು. ಪಿ ಹಾಕಿದೆ, ಗಾಡಿ ಇಳಿಜಾರಿಗೆ ಸರಿಯಿತು. ಬ್ರೇಕು ಒತ್ತಿ ಹಿಡಿದು ಟೊಪ್ಪಿಯನ್ನು ಕಿತ್ತೆ. ಟ್ರಂಕು ಒತ್ತಿ ಸಣ್ಣ ಲಿವರು ನಡುವಿನ ಜಾಗದಲ್ಲಿ ಕೂತಿತ್ತು, ಆವತ್ತು ಕುಂಬಳದ ಗೋಣಿ ಒತ್ತಿದ ಹಾಗೆ. ಟ್ರಂಕು ಸರಿಸಿ, ಲಿವರನ್ನು ಮುಂದಕ್ಕೆ ದೂಡಿದೆ. ಕಟ್ಟೆಂದಿತು. ಡಿ ಹಾಕಿದೆ. ಗಾಡಿ ಹೊರಟಿತು.

ಐದು ಮಿನಿಟು ಕೂಡ ಆಗಿರಲಿಲ್ಲ.

ಶಿಳ್ ರಸ್ತೆಯ ಪಂಕ್ಚರ್ ಅಂಗಡಿಯವನನ್ನು ಕೇಳಿ, ಅವನು ಇನ್ನೊಬ್ಬನನ್ನು ಕೇಳಿ, ಕೊನೆಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಟ್ರಕ್ ಯಾರ್ಡಿನಲ್ಲಿ ಅವರು ಸಿಕ್ಕರು. ಟ್ರಕ್ಕಿನ ಕೆಳಗೆ ಮಲಗಿ ಗ್ರೀಸು ತುಂಬುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗೇರ್ ಡಬ್ಬಿಯ ಸಪ್ಪಳ ಕೇಳಿ ರೋಗ ಹೇಳುತ್ತಿದ್ದವರು ಅಲ್ಲಿ ಗ್ರೀಸಿನ ಪಂಪು ಒತ್ತುವ ಆಳು. ಹೊರಗೆ ಬಂದು ಕೈ ಒರೆಸಿಕೊಂಡರು.

ನಾನು ಎಲ್ಲ ಹೇಳಿದೆ. ಟೊಪ್ಪಿ, ಗೋಣಿ, ಸಿಗ್ನಲ್ಲು, ಒಲೆಯ ಮೇಲೆ ಇಲ್ಲದ ಹಾಲು. ನಡುವೆ ಬಾಯಿ ಹಾಕದೆ ಕೇಳಿದರು.

"ಲಿವರ್ ಅಂತ ನನಗ ಅವತ್ತ ಗೊತ್ತಿತ್ರಿ" ಅಂದರು.

"ಮಿಸ್ತ್ರಿಯವರೇ, ನನ್ನದು ತಪ್ಪಾಯಿತು."

"ನನ್ನ ಮುಂದ ಹೇಳಿ ಏನ ಮಾಡ್ತೀರಿ ಅಕ್ಕಾರ? ಅವತ್ತ ಯಾರ ಮುಂದ ನಕ್ಕಿದ್ರಿ, ಅವರ ಮುಂದ ಹೇಳ್ರಿ. ಆಮ್ಯಾಲ ಬರ್ರಿ."

ಸಿಟ್ಟಿನಲ್ಲಿ ಅನ್ನಲಿಲ್ಲ. ಮತ್ತೆ ಟ್ರಕ್ಕಿನ ಕೆಳಗೆ ಹೋದರು. ಹೊರಗೆ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ.

ಮನೆಗೆ ಬಂದು ಇವರಿಗೆ ಹೇಳಿದೆ: ನಾಳೆಯೇ ಭಾವನಿಗೆ ಹೇಳುತ್ತೇನೆ, ಆ ಮೂವರನ್ನೂ ಕರೆಸಿ ಹೇಳುತ್ತೇನೆ. ಇವರು ಪೇಪರಿನಿಂದ ತಲೆ ಎತ್ತದೆ, "ನನಗೆ ಆಗಲೇ ಗೊತ್ತಿತ್ತು" ಅಂದರು.

ಬೇರೆ ಡಬ್ಬಿ ಕೂಡಿಸಿದ ಮೇಲೂ ಗಾಡಿ ಅಲುಗಿರಲಿಲ್ಲವಂತೆ. ಆಗ ವರ್ಕ್‌ಶಾಪಿನವರು ಟೊಪ್ಪಿ ತೆಗೆದು ನೋಡಿ, ನಕ್ಕು, ಇವರಿಗೆ ಫೋನು ಮಾಡಿದ್ದರು. ಟೊಪ್ಪಿಯನ್ನು ಎಸೆದದ್ದೂ ಇವರೇ.

"ಅಣ್ಣ ಅಷ್ಟರಲ್ಲಿ ಊರಿಗೆಲ್ಲ ಹೇಳಿಯಾಗಿತ್ತು. ಗೋಣಿ ಇಟ್ಟದ್ದು ನಾನು, ಟೊಪ್ಪಿ ಹೊಲಿದದ್ದು ನೀನು ಅಂತ ಹೇಳ್ಲಿಕ್ಕಾಗ್ತದಾ? ನಮ್ಮನ್ನು ಹೋಟೆಲಿನಲ್ಲಿ ಇಟ್ಕೊಳ್ತಿದ್ನಾ?"

"ಅವರ ಗ್ಯಾರೇಜು ಹೋಯ್ತಲ್ಲ."

"ನೀನೂ ಸುಮ್ಮನಿದ್ದಿ ಅಲ್ವಾ?"

ಅಣ್ಣ ಇರುವವರೆಗೆ ಹೇಳುವುದು ಬೇಡ ಅಂದರು ಇವರು. ನಾನು ಒಪ್ಪಿದೆ. ಒಪ್ಪಿದ್ದು ಹೆದರಿಕೆಯಿಂದ, ಆದರೆ ಗಂಡನ ಮಾತಿಗಾಗಿ ಅಂತ ನನಗೆ ನಾನೇ ಹೇಳಿಕೊಂಡೆ.

ನಾಲ್ಕು ವರ್ಷದ ಮೇಲೆ ಭಾವ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಆ ಮೂವರಲ್ಲಿ ಇಬ್ಬರು ಬಂದಿದ್ದರು, ಒಬ್ಬರು ಮೊದಲೇ ತೀರಿಹೋಗಿದ್ದರು. ಪಂಕ್ತಿಯಲ್ಲಿ ಯಾರೋ ಭಾವನ ತಮಾಷೆಗಳನ್ನು ನೆನಪಿಸುತ್ತಾ ಕಿಟ್ಲಿ ಮಿಸ್ತ್ರಿಯ ಕತೆ ತೆಗೆದರು. ನಾನು ಪಾಯಸದ ಪಾತ್ರೆ ಕೆಳಗಿಟ್ಟು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ: ಎಣ್ಣೆ ಒಳ್ಳೆಯದಿತ್ತು, ಸೀಲು ನನ್ನೆದುರು ಒಡೆದದ್ದು, ಕಿಟ್ಲಿ ನಾನು ಕೊಟ್ಟದ್ದು, ಗಾಡಿ ನಿಂತದ್ದು ನಮ್ಮಿಂದ.

ಆಮೇಲೆ ಒಬ್ಬರು, "ಹೋಗ್ಲಿ ಬಿಡಿ ಅತ್ತಿಗೆ, ಈಗ ಯಾರಿಗೆ ಬೇಕು ಅದು? ಪಾಯಸ ಈಚೆ ಬರ್ಲಿ" ಅಂದರು. ಪಾಯಸ ಬಡಿಸಿದೆ.

ಆ ವಾರವೇ ಕಳಂಬೋಲಿಗೆ ಹೋದೆ. ಯಾರ್ಡಿನ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮರಾಠಿಯಲ್ಲಿ, ಆ ಮುದುಕ ಹೋಗಿ ಎರಡು ಮಳೆಗಾಲ ಆಯಿತು ಅಂದ. ಎದೆನೋವು ಅಂತ ಟ್ರಕ್ಕಿನ ನೆರಳಿಗೆ ಕೂತವರು ಏಳಲಿಲ್ಲವಂತೆ. ಮನೆಯವರ ವಿಳಾಸ ಅವನಿಗೆ ತಿಳಿದಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಅವರಿಗೆ ಏನಾಗಬೇಕು?" ಅಂದ.

"ಗಿರಾಕಿ" ಅಂದೆ.

ಹೋಟೆಲು ಈಗ ಬೇರೆಯವರ ಕೈಯಲ್ಲಿದೆ. ನಾವಿಬ್ಬರು ಸೀವುಡ್ಸಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೇವೆ. ಮಾಲಿನಿಂದ ಬಂದ ಆ ಸಂಜೆ ಇವರು, "ಎಂತಾಯ್ತು, ಮುಖ ಹೀಗಿದೆ?" ಅಂದರು. ಮಿಸ್ತ್ರಿಯವರ ನೆನಪಾಯಿತು ಅಂದೆ. ಇವರು ಟಿವಿಯ ಸದ್ದು ಸ್ವಲ್ಪ ಹೆಚ್ಚು ಮಾಡಿದರು. ನಾನು ಅಕ್ಕಿ ತೊಳೆಯಲು ಎದ್ದೆ.